ಹನ್ನೊಂದನೇ ಪ್ರಶ್ನೆ

ನಮ್ಮ ಮನಃಶಾಸ್ತ್ರ ವಿಭಾಗದಲ್ಲಿ ಯಾರು ಯಾವ ಹೊಸ ಪರೀಕ್ಷೆ ಕಲಿತರೂ ಅದರ ಮೊದಲ ತಾಲೀಮು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಅಟೆಂಡರ್ ಮೇಲೆಯೇ ನಡೆಯುತ್ತಿತ್ತು. ಬುದ್ಧಿಮತ್ತೆಯ ಪರೀಕ್ಷೆಗೂ ಅವರೇ, ಜ್ಞಾಪಕಶಕ್ತಿಯ ಪರೀಕ್ಷೆಗೂ ಅವರೇ. ಎಂ.ಎ. ಹುಡುಗಿಯೊಬ್ಬಳು ಶಾಯಿ ಚೆಲ್ಲಿದ ಹಾಗಿರುವ ಚಿತ್ರದ ಕಾರ್ಡು ತೋರಿಸಿ ಇದರಲ್ಲಿ ಏನು ಕಾಣುತ್ತದೆ ಎಂದು ಕೇಳಿದರೆ, ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, "ಕೋಪ ಬಂದಾಗ ನಮ್ಮ ಪ್ರೊಫೆಸರ್ ಸಾರ್" ಎನ್ನುತ್ತಿದ್ದರು. ಹುಡುಗಿ ನಗು ತಡೆದುಕೊಂಡು ಅದನ್ನೇ ಬರೆದುಕೊಳ್ಳುತ್ತಿದ್ದಳು.

ಎಲ್ಲರೂ ಅವರನ್ನು ಗೌಡರಣ್ಣ ಎನ್ನುತ್ತಿದ್ದರು. ಕೋಯಮತ್ತೂರಿನ ಹತ್ತಿರದ ಕಾರಮಡೈ ಕಡೆಯವರು. ಎಷ್ಟೋ ತಲೆಮಾರಿನ ಹಿಂದೆ ಅಲ್ಲಿ ನೆಲೆಸಿದ ಕನ್ನಡ ಒಕ್ಕಲುತನದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಎಂಬತ್ತರ ದಶಕದ ನಡುವೆ ನಾನು ಮೈಸೂರಿನಿಂದ ಸಂಶೋಧನೆಗೆಂದು ಕೋಯಮತ್ತೂರಿಗೆ ಬಂದಾಗ, ವಿಭಾಗದಲ್ಲಿ ಮನೆಯ ಮಾತಿನಲ್ಲಿ ಮಾತಾಡಲು ಅವರಿಗೆ ನಾನೊಬ್ಬಳು ಸಿಕ್ಕೆ, ನನಗೆ ಅವರೊಬ್ಬರು ಸಿಕ್ಕರು. ಮೊದಲ ದಿನವೇ ನನ್ನನ್ನು "ಅಮ್ಮಿಣಿ" ಎಂದು ಕರೆದರು. ಆ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ.

ಮೊದಲ ವಾರವೇ ಹಿರಿಯ ಸಂಶೋಧಕರು ನನಗೊಂದು ಸೂತ್ರ ಹೇಳಿಕೊಟ್ಟಿದ್ದರು: ತಾಲೀಮಿನ ಉತ್ತರ ಉತ್ತರವಲ್ಲ. ತಾಲೀಮು ಇರುವುದು ನಮ್ಮ ನಾಲಿಗೆ, ನಮ್ಮ ಕೈ, ನಮ್ಮ ಸ್ಟಾಪ್‌ವಾಚು ಸರಿಯಿದೆಯೇ ಎಂದು ನೋಡುವುದಕ್ಕೆ. ಕೂತವರು ಏನು ಹೇಳಿದರು ಎಂಬುದು ಲೆಕ್ಕಕ್ಕಿಲ್ಲ. ಕೆಲಸ ಮುಗಿದ ಮೇಲೆ ಆ ಹಾಳೆಗಳು ಬೀರುವಿನ ಕೆಳಗಿನ ಖಾನೆಗೆ ಹೋಗುತ್ತಿದ್ದವು. ಈ ಸೂತ್ರ ನನಗೆ ಬಹಳ ಹಿಡಿಸಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ವಿಷಯ, ಆ ಜಿಲ್ಲೆಯ ಕನ್ನಡ ಮನೆಮಾತಿನ ದುಡಿಯುವ ಜನರ ಮನಸ್ಸಿನ ಸಂಕಟ. ಇಂಗ್ಲಿಷಿನ ಒಂದು ಪ್ರಶ್ನಾವಳಿಯನ್ನು ಮೈಸೂರಿನ ಇಬ್ಬರು ಮೇಷ್ಟ್ರುಗಳಿಂದ ಕನ್ನಡಕ್ಕೆ ಮಾಡಿಸಿಕೊಂಡು ಬಂದಿದ್ದೆ. ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೂ ಇಲ್ಲ, ಒಮ್ಮೊಮ್ಮೆ, ಯಾವಾಗಲೂ ಎಂದು ಮೂರು ಉತ್ತರ. ಅದನ್ನು ಹಿಡಿದು ಕುರಿಚಿಯ ಎರಕದ ಕಾರ್ಖಾನೆಯ ಎದುರಿನ ಚಹಾ ಅಂಗಡಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ಕೂತೆ. ಮೊದಲು ಸಿಕ್ಕಿದ, ಮರಳಿನಲ್ಲಿ ಎರಕದ ಅಚ್ಚು ಕಟ್ಟುವ ಕೆಲಸಗಾರನಿಗೆ, "ನಿಮಗೆ ಖಿನ್ನತೆಯ ಅನುಭವವಾಗುತ್ತದೆಯೇ?" ಎಂದು ಓದಿ ಹೇಳಿದೆ. ಆತ ಪಕ್ಕದವನ ಮುಖ ನೋಡಿದ. ಪಕ್ಕದವನು, "ಇದು ಕನ್ನಡವಾ? ನಮ್ಮ ಮನೇಲೂ ಕನ್ನಡಾನೇ, ಒಂದೂ ತಿಳೀಲಿಲ್ಲವಲ್ಲ" ಎಂದ. ಆಮೇಲೆ ಇಬ್ಬರೂ ನನ್ನ ಮೇಲೆ ಕನಿಕರ ಪಟ್ಟು ತಮಿಳಿನಲ್ಲಿ ಉತ್ತರ ಕೊಟ್ಟರು. ಒಂದು ವಾರ ಹೀಗೆಯೇ ಅಲೆದು, ಉಪಯೋಗಕ್ಕೆ ಬಾರದ ಹಾಳೆಗಳ ಕಟ್ಟು ಹೊತ್ತು ವಾಪಸ್ಸು ಬಂದೆ.

ನನ್ನ ಮಾರ್ಗದರ್ಶಕರಾದ ಪ್ರೊಫೆಸರು ತಮಿಳರು, ಮಾತು ಕಡಿಮೆ. ಹಾಳೆಗಳನ್ನು ನೋಡಿ, "ಭಾಷೆ ಅವರದ್ದಾಗುವವರೆಗೆ ಇದನ್ನು ಹೊರಗೆ ತೆಗೆಯಬೇಡ" ಎಂದಷ್ಟೇ ಹೇಳಿದರು. ಅವರದ್ದಾಗುವುದು ಹೇಗೆ? ಕೋಣೆಯಿಂದ ಹೊರಗೆ ಬಂದರೆ ಸ್ಟೂಲಿನ ಮೇಲೆ ಗೌಡರಣ್ಣ.

ಮೂರು ವಾರ ದಿನವೂ ಊಟದ ಬಿಡುವಿನಲ್ಲಿ ನಾವಿಬ್ಬರೂ ಆ ಪ್ರಶ್ನೆಗಳನ್ನು ಬಿಚ್ಚಿ ಮತ್ತೆ ಹೊಲಿದೆವು. ನಾನು ಓದುವುದು, ಅವರು ಅನ್ನ ಕಲಸುತ್ತಾ ಕೇಳುವುದು.

"ಖಿನ್ನತೆ ಅಂದ್ರೆ ಏನ್ ಅಮ್ಮಿಣಿ?"

"ಮನಸ್ಸು ಕುಗ್ಗಿ ಹೋಗೋದು ಗೌಡರಣ್ಣ."

"ಮನಸ್ಸ್ ಭಾರ ಅನ್ನಿ. ಖಿನ್ನತೆ ಗಿನ್ನತೆ ಅಂದ್ರೆ ಏನೋ ಜ್ವರದ ಮಾತ್ರೆ ಹೆಸರ್ ಅಂತಾರೆ ಜನ."

ಹತ್ತು ಪ್ರಶ್ನೆ ಹೀಗೆ ಸಲೀಸಾಗಿ ಸಾಗಿದವು. ಹನ್ನೊಂದನೆಯದು ಹಟ ಹಿಡಿಯಿತು. ಮೇಷ್ಟ್ರು ಬರೆದಿದ್ದು, "ಭವಿಷ್ಯದ ಬಗ್ಗೆ ನನ್ನಲ್ಲಿ ಆಶಾಭಾವನೆ ಉಳಿದಿಲ್ಲ" ಎಂದು. ನಾನು ಮೂರು ನಾಲ್ಕು ರೀತಿ ತಿರುಗಿಸಿ ಹೇಳಿದೆ. ಗೌಡರಣ್ಣ ಯಾವುದಕ್ಕೂ ತಲೆಯಾಡಿಸಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಬಂದು, ಟವೆಲಿನಲ್ಲಿ ಬೆರಳು ಒಂದೊಂದನ್ನೇ ಒರೆಸುತ್ತಾ ಹೇಳಿದರು:

"ಬೆಳಗಾದ್ರೆ, ಅಯ್ಯೋ, ಇವತ್ತೂ ಕಣ್ ಬಿಟ್ಟೆನಲ್ಲ ಅನ್ನಿಸ್ತದ. ಅಂಗ್ ಕೇಳಿ."

ನನಗೆ ರೋಮಾಂಚನವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಸಂಶೋಧನೆ ಮಾಡುವವರಿಗೆ ಒಳ್ಳೆಯ ವಾಕ್ಯ ಸಿಕ್ಕಿದರೆ ಹಸಿದವನಿಗೆ ಬಿಸಿ ಮುದ್ದೆ ಸಿಕ್ಕಿದ ಹಾಗೆ. "ಎಂಥ ಮಾತು ಹೇಳಿದಿರಿ ಗೌಡರಣ್ಣ, ನೀವೇ ಪಿಎಚ್‌ಡಿ ಮಾಡಬೇಕಿತ್ತು" ಎಂದು ಹೊಗಳಿದೆ. ಅವರು ನಕ್ಕರು. ಎಲ್ಲಿಂದ ಬಂತು ಈ ಮಾತು ಎಂದು ನಾನು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ವಿಭಾಗದವರೆಲ್ಲ ಜಮಖಾನೆಯ ಮೇಲೆ ಸುತ್ತ ಕೂತು, ಆ ವಾರದ ಕೆಲಸವನ್ನು ಹೇಳಿಕೊಳ್ಳುವ ಪದ್ಧತಿ ಇತ್ತು. ಚಹಾ, ಉದ್ದಿನವಡೆ, ಒಂದಿಷ್ಟು ಜಗಳ. ಆ ಶನಿವಾರ ನಾನು, ಗೌಡರಣ್ಣ ಕೊಟ್ಟದ್ದು ಎಂದು ಹನ್ನೊಂದನೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಅರ್ಥ ಬಿಡಿಸಿದೆ. ಪ್ರೊಫೆಸರು ಲೋಟ ಕೆಳಗಿಟ್ಟು, "ಇದು ಅನುವಾದದಿಂದ ಬರುವ ವಾಕ್ಯ ಅಲ್ಲ. ಅನುಭವಿಸಿದವರ ಬಾಯಿಂದಲೇ ಬರಬೇಕು" ಎಂದರು. ಎಲ್ಲರೂ ಹೌದು ಹೌದು ಎಂದು ತಲೆದೂಗಿದೆವು. ಆಗ ಗೌಡರಣ್ಣ ನಮ್ಮ ನಡುವೆಯೇ ಬಗ್ಗಿ ಒಬ್ಬೊಬ್ಬರಿಗೂ ಚಹಾ ಕೊಡುತ್ತಿದ್ದರು. ಮನಸ್ಸಿನ ಬಗ್ಗೆ ಓದಿದವರು ಹದಿನಾಲ್ಕು ಜನ ಅಲ್ಲಿದ್ದೆವು. ಒಬ್ಬರಾದರೂ ತಲೆ ಎತ್ತಿ ಅವರ ಮುಖ ನೋಡಲಿಲ್ಲ.

ಸೋಮವಾರ ಹೊಸ ಪ್ರಶ್ನಾವಳಿಯ ತಾಲೀಮು. ಜನರಿಗೆ ಅಕ್ಷರ ಬಾರದ್ದರಿಂದ ನಾನೇ ಓದಿ ಹೇಳಿ ಗುರುತು ಹಾಕಬೇಕು. ತಾಲೀಮಿನ ಹಾಳೆಯಲ್ಲಿ ಎರಡು ಕಾಲಂ: ಅರ್ಥವಾಯಿತೇ, ಎಷ್ಟು ಸೆಕೆಂಡು. ಉತ್ತರಕ್ಕೆ ಕಾಲಂ ಇಲ್ಲ. ಬೇಕಿದ್ದರೆ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಳ್ಳಬಹುದು. ಗೌಡರಣ್ಣ ಎದುರಿಗೆ ಕೂತರು. ನನ್ನ ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈಯಲ್ಲಿ ಪೆನ್ನು. ನಿದ್ದೆ ಬರುವುದಿಲ್ಲವೇ ಎಂದೆ, ಯಾವಾಗಲೂ ಎಂದರು. ಊಟ ರುಚಿಸುವುದಿಲ್ಲವೇ ಎಂದೆ, ಯಾವಾಗಲೂ ಎಂದರು. ಹನ್ನೊಂದನೆಯದಕ್ಕೆ ಬಂದೆ.

"ಯಾವಾಗಲೂ," ಎಂದರು.

"ಪ್ರಶ್ನೆ ಅರ್ಥ ಆಯ್ತಾ ಗೌಡರಣ್ಣ?"

"ಚೆನ್ನಾಗ್ ಅರ್ಥ ಆಯ್ತು ಅಮ್ಮಿಣಿ."

ಮೊದಲ ಕಾಲಮ್ಮಿನಲ್ಲಿ "ಚೆನ್ನಾಗಿ ಅರ್ಥವಾಯಿತು" ಎಂದು ಬರೆದೆ. ಎರಡನೆಯದರಲ್ಲಿ ನಾಲ್ಕು ಸೆಕೆಂಡು ಎಂದು ಬರೆದೆ. ಹನ್ನೆರಡನೆಯದಕ್ಕೆ ಹೋದೆ.

ಕೋಯಮತ್ತೂರಿನಲ್ಲಿ ನನಗೆ ಕನ್ನಡ ಟೈಪ್‌ರೈಟರ್ ಸಿಗಲಿಲ್ಲ. ಸ್ಟೆನ್ಸಿಲ್ ಹಾಳೆಯ ಮೇಲೆ ಮೊಂಡು ಕಡ್ಡಿಯಿಂದ ನಾನೇ ಅಕ್ಷರ ಕೊರೆದೆ. ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಪ್ರತಿ ತೆಗೆದವರು ಗೌಡರಣ್ಣ. ಶಾಯಿ ಹಸಿಯಿದ್ದ ಮೊದಲ ಹಾಳೆಯನ್ನು ಎತ್ತಿ ಹಿಡಿದು, "ಇದ್ರಲ್ಲಿ ನನ್ನದ್ ಯಾವುದು?" ಎಂದು ಕೇಳಿದರು. ನಾನು ಹನ್ನೊಂದನೇ ಸಾಲು ತೋರಿಸಿದೆ. ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮತ್ತೆ ಹಿಡಿ ತಿರುಗಿಸತೊಡಗಿದರು.

ಪ್ರಶ್ನಾವಳಿ ನೆಚ್ಚಬಹುದಾದ್ದೋ ಅಲ್ಲವೋ ಎಂದು ತಿಳಿಯಲು, ಅದೇ ಜನರಿಗೆ ಎರಡು ವಾರದ ನಂತರ ಅದನ್ನೇ ಮತ್ತೆ ಕೇಳಬೇಕು. ಆ ಎರಡನೇ ಸುತ್ತಿನ ತಾಲೀಮೂ ಗೌಡರಣ್ಣನ ಮೇಲೆಯೇ; ಅವರ ದಿನ ಬಂದಾಗ ಸ್ಟೂಲು ಖಾಲಿ. ಮರುದಿನವೂ ಖಾಲಿ, ಮೂರನೇ ದಿನವೂ ಖಾಲಿ. ಆಫೀಸಿನವರು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬೈದುಕೊಂಡರು. ನಾನೂ ಬೈದುಕೊಂಡೆ, ಅವಧಿ ಮೀರಿದರೆ ಆ ಹಾಳೆ ಉಪಯೋಗಕ್ಕೆ ಬಾರದಲ್ಲ ಎಂದು. ನಾಲ್ಕನೇ ದಿನ ಬೆಳಿಗ್ಗೆ ಗಾಂಧಿಪುರದಲ್ಲಿ ಕಾರಮಡೈ ಬಸ್ಸು ಹತ್ತಿದೆ. ಆಮೇಲೆ ಎಷ್ಟೋ ಜನ, ಪಾಪ ನೀನಾದರೂ ಅವರನ್ನು ನೋಡಲು ಹೋದೆಯಲ್ಲ ಎಂದರು. ನಾನು ಹೋದದ್ದು ನೋಡಲು ಅಲ್ಲ. ನನ್ನ ಚೀಲದಲ್ಲಿ ಖಾಲಿ ಪ್ರಶ್ನಾವಳಿ ಇತ್ತು, ಸ್ಟಾಪ್‌ವಾಚು ಇತ್ತು.

ಬಾಳೆ ತೋಟದ ಬದುವಿನಲ್ಲಿ ಹೆಂಚಿನ ಮನೆ. ಗೌಡರಣ್ಣನ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನನ್ನ ಕೈ ಹಿಡಿದುಕೊಂಡರು.

"ಮೊನ್ನೆ ಅವರಣ್ಣ ತೋಟಕ್ಕೆ ನೀರ್ ಕಟ್ಟಕ್ಕೆ ಬೇಗ ಎದ್ದ್ ಹೋದ್ರು ಅಮ್ಮಿಣಿ. ಆ ಹೊತ್ತಿಗೆ ಅಣ್ಣ ಬಾವಿ ಹತ್ರ ಹೋಗ್ದೆ ಇದ್ದಿದ್ರೆ, ಇವರು…" ಎಂದು ಅಲ್ಲಿಗೇ ನಿಲ್ಲಿಸಿದರು.

ನನಗೆ ತಿಳಿಯಿತು. ಜಗಲಿಯ ಮೇಲೆ ಕೂತುಬಿಟ್ಟೆ.

ಅವರೇ ಹೇಳಿದರು. ಒಬ್ಬಳೇ ಮಗಳು, ತಿರುಪ್ಪೂರು ಕಡೆಯ ನೇಯ್ಗೆಯ ಊರೊಂದಕ್ಕೆ ಕೊಟ್ಟಿದ್ದರು. ಹಿಂದಿನ ವರ್ಷ, ನಾನು ಕೋಯಮತ್ತೂರಿಗೆ ಬರುವ ಮುಂಚೆ, ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಗೌಡರಣ್ಣ ಕಾರ್ಯ ಮುಗಿಸಿ ಕೆಲಸಕ್ಕೆ ಹೋದವರು ಮನೆಯಲ್ಲಿ ಒಂದು ದಿನವೂ ಅಳಲಿಲ್ಲವಂತೆ.

"ನಾನ್ ಏನ್ ಅಂದ್ಕೊಂಡೆ ಗೊತ್ತಾ? ಆಫೀಸ್ನಲ್ಲಿ ಎಲ್ಲಾ ಮನಸ್ಸ್ ಓದಿದವರೇ ಇದ್ದಾರಲ್ಲ, ಅವರ ಹತ್ರ ಹೇಳ್ಕೋತಾರೆ ಅಂತ. ಆ ಧೈರ್ಯದಲ್ಲೇ ಸುಮ್ಮಾ ಇದ್ದೆ," ಎಂದರು.

ಆ ತಾಯಿ ಇದನ್ನು ದೂರಿನ ದನಿಯಲ್ಲಿ ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ನನಗೆ ಮಜ್ಜಿಗೆ ತಂದುಕೊಟ್ಟರು.

ಗೌಡರಣ್ಣ ಒಳಗೆ ಹಗ್ಗದ ಮಂಚದ ಮೇಲೆ ಮಲಗಿದ್ದರು. ನನ್ನನ್ನು ನೋಡಿ ಏಳಲು ಹೋದರು, ನಾನು ಬೇಡವೆಂದೆ. ಮಂಚದ ಪಕ್ಕ ನೆಲದ ಮೇಲೆ ಕೂತೆ. ಕೊನೆಗೆ, "ಒಂದು ಮಾತು ಹೇಳಬಾರದಿತ್ತಾ ಗೌಡರಣ್ಣ?" ಎಂದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಮುನಿಸೂ ಇತ್ತು.

ಅವರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟವರ ಹಾಗೆ ಹೇಳಿದರು.

"ಹೇಳ್ದೆನಲ್ಲ ಅಮ್ಮಿಣಿ. ನೀವ್ ಬರ್ಕೊಂಡ್ರಲ್ಲ."

ಹಾಸ್ಟೆಲಿಗೆ ಹೋಗಲಿಲ್ಲ, ಬಸ್ಸಿಳಿದು ನೇರವಾಗಿ ವಿಭಾಗಕ್ಕೆ ಬಂದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಫೈಲು ತೆಗೆದೆ. ಚೆನ್ನಾಗಿ ಅರ್ಥವಾಯಿತು. ನಾಲ್ಕು ಸೆಕೆಂಡು. ಅಂಚಿನಲ್ಲಿ, ನನ್ನದೇ ಅಕ್ಷರದಲ್ಲಿ, ಯಾವಾಗಲೂ. ಮೇಲಿನಿಂದ ಕೆಳಗಿನವರೆಗೆ ಯಾವಾಗಲೂ, ಯಾವಾಗಲೂ. ಕೂಡಿಸಿ ನೋಡುವುದಕ್ಕೆ ಐದು ನಿಮಿಷವೂ ಬೇಕಿರಲಿಲ್ಲ. ಬೇರೆ ಯಾರದಾದರೂ ಆಗಿದ್ದರೆ ಆ ಹಾಳೆ ನೋಡಿದ ಎಂ.ಎ. ವಿದ್ಯಾರ್ಥಿ ಕೂಡ ಎದ್ದು ಓಡಿಹೋಗಿ ಮೇಷ್ಟ್ರನ್ನು ಕರೆಯುತ್ತಿದ್ದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಹಾಳೆಯನ್ನು ನಾನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡೆ. ತಾಲೀಮಿನ ಹಾಳೆ ಎಸೆದರೆ ಕೇಳುವವರಿಲ್ಲ. ಗೌಡರಣ್ಣ ಯಾರಿಗೂ ಹೇಳುವವರಲ್ಲ. ಒಂದು ದಿನ ಪೂರ್ತಿ ಹಾಗೆಯೇ ಓಡಾಡಿದೆ. ಊಟ ಮಾಡಿದೆ, ಲೈಬ್ರರಿಗೆ ಹೋದೆ, ಯಾರೋ ನಗೆಚಾಟಿಕೆ ಮಾಡಿದರೆ ನಕ್ಕೆ. ಹಾಳೆ ಮೈಗೆ ಚುಚ್ಚುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಅದನ್ನು ಪ್ರೊಫೆಸರ ಮೇಜಿನ ಮೇಲೆ ಬಿಡಿಸಿಟ್ಟು ನಿಂತೆ.

ಅವರು ನೋಡಿದರು. ಕನ್ನಡ ಅವರಿಗೆ ಬಾರದು, ಆದರೆ ಅಂಚಿನುದ್ದಕ್ಕೂ ಇದ್ದ ಒಂದೇ ಪದದ ಅರ್ಥ ಹೇಳಿದ್ದು ಸಾಕಾಯಿತು. ಕಾರಮಡೈಯಲ್ಲಿ ನಡೆದದ್ದನ್ನು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಎದ್ದು ಬೀರುವಿನ ಕೆಳಗಿನ ಖಾನೆ ತೆರೆದು, ನೆಲದ ಮೇಲೆ ಕೂತು, ಹಳೆಯ ತಾಲೀಮಿನ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದರು. ಒಂದು ವರ್ಷದಿಂದ ಎಲ್ಲರ ಬಳಿಯೂ ಗೌಡರಣ್ಣ ಅದನ್ನೇ ಹೇಳಿದ್ದರು. ಚಿತ್ರ ತೋರಿಸಿ ಕತೆ ಹೇಳಿ ಎಂದಿದ್ದ ಒಬ್ಬನ ಹಾಳೆಯಲ್ಲಿ, ಬಾಗಿಲಲ್ಲಿ ನಿಂತ ಹೆಂಗಸಿನ ಚಿತ್ರಕ್ಕೆ, "ಮಗಳು ಊರಿಗೆ ಬಂದಳು, ಬಾಗಿಲು ತೆಗೆಯುವವರಿಲ್ಲ" ಎಂದಿತ್ತು. ಕೆಳಗೆ ಆ ವಿದ್ಯಾರ್ಥಿ, ಕತೆ ಚಿಕ್ಕದಾಯಿತು ಎಂದು ಷರಾ ಬರೆದಿದ್ದ.

"ಎಲ್ಲರದ್ದೂ ತಪ್ಪು," ಎಂದರು ಪ್ರೊಫೆಸರು. ಹತ್ತು ಜನ ಹೊತ್ತರೆ ಹೊರೆ ಹಗುರ ಎಂಬುದು ಕಲ್ಲಿಗೆ, ಮರಕ್ಕೆ ಸರಿ. ಹನ್ನೊಂದನೇ ಪ್ರಶ್ನೆಯ ಮಾತನ್ನು ಗೌಡರಣ್ಣನಿಂದ ಎರವಲು ಪಡೆದವಳು ನಾನೇ, ಹೊಗಳಿಸಿಕೊಂಡವಳೂ ನಾನೇ.

ಅದೇ ದಿನ ಪ್ರೊಫೆಸರು ಟ್ಯಾಕ್ಸಿ ಮಾಡಿಕೊಂಡು ಕಾರಮಡೈಗೆ ಹೋಗಿ, ಗೌಡರಣ್ಣನನ್ನೂ ಅವರ ಹೆಂಡತಿಯನ್ನೂ ತಾವೇ ಮಾನಸಿಕ ರೋಗದ ಡಾಕ್ಟರ ಬಳಿ ಕರೆತಂದರು. ಔಷಧ ಶುರುವಾಯಿತು. ಶನಿವಾರದ ಸಭೆಯಲ್ಲಿ ನಾನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅಂದು ಚಹಾ ಕೊಡುವವರಿರಲಿಲ್ಲ. ಅಂದಿನಿಂದ, ತಾಲೀಮಿನ ಹಾಳೆಯನ್ನು ಅಂದೇ ಇಬ್ಬರು ಓದಬೇಕು, ಅಟೆಂಡರನ್ನಾಗಲಿ ಬೇರೆ ಯಾರನ್ನಾಗಲಿ ಸುಮ್ಮನೆ ತಾಲೀಮಿಗೆ ಕೂರಿಸಬಾರದು ಎಂದು ಕಟ್ಟಳೆಯಾಯಿತು.

ನಾನು ಹನ್ನೊಂದನೇ ಪ್ರಶ್ನೆಯನ್ನು ತೆಗೆದುಹಾಕುತ್ತೇನೆ ಎಂದು ಹಟ ಹಿಡಿದೆ. ಪ್ರೊಫೆಸರು, "ಅದು ನಿನ್ನದೂ ಅಲ್ಲ, ನನ್ನದೂ ಅಲ್ಲ. ಅವರನ್ನು ಕೇಳು" ಎಂದರು. ಎರಡು ತಿಂಗಳ ಮೇಲೆ ಗೌಡರಣ್ಣ ಕೆಲಸಕ್ಕೆ ಬಂದರು. ಸೊರಗಿದ್ದರು, ಆದರೆ ಸ್ಟೂಲನ್ನು ಒರೆಸಿಯೇ ಕೂತರು. ಕೇಳಿದೆ.

"ತೆಗೀಬೇಡಿ," ಎಂದರು. "ಬೇರೆ ಯಾರಾದ್ರೂ ಅದಕ್ಕೆ ಆಮಾ ಅಂದ್ರೆ, ಆವಾಗ ಗಡಿಯಾರ ನೋಡ್ಬೇಡಿ. ಅಷ್ಟೇ."

ಕುರಿಚಿಯಲ್ಲಿ, ನೇಕಾರರ ಕೇರಿಗಳಲ್ಲಿ, ಹನ್ನೊಂದಕ್ಕೆ ಯಾರು ಹೌದೆಂದರೂ ಪೆನ್ನು ಮುಚ್ಚಿಟ್ಟು ಕೂತೆ. ಕೆಲವರು ಒಂದು ಗಂಟೆ ಮಾತಾಡಿದರು, ಕೆಲವರು ಸುಮ್ಮನೆ ಕೂತರು. ಇಬ್ಬರನ್ನು ನಾನೇ ಡಾಕ್ಟರ ಬಳಿ ಕರೆದೊಯ್ದೆ. ಆರು ತಿಂಗಳ ಕೆಲಸ ಒಂದೂವರೆ ವರ್ಷವಾಯಿತು. ಆ ಹಾಳೆಗಳಲ್ಲಿ ಹನ್ನೆರಡರಿಂದ ಮುಂದೆ ಖಾಲಿ.

ಗೌಡರಣ್ಣ ಮತ್ತೆ ಬಂದ ಮರುದಿನ ಬೆಳಿಗ್ಗೆ ಸಂಕೋಚದಿಂದ ಅವರ ಮುಂದೆ ನಿಂತಿದ್ದೆ. ಅವರೇ ನನ್ನ ಕಷ್ಟ ನೋಡಲಾರದೆ, "ಎರಡನೇ ಸಲ ಕೇಳ್ಬೇಕು ಅಂದಿದ್ರಲ್ಲ, ಕೇಳಿ" ಎಂದರು. ಕೈಯಲ್ಲಿ ಹಾಳೆಯಿಲ್ಲದೆ ಹನ್ನೊಂದನೆಯದನ್ನು ಕೇಳಿದೆ.

"ಇವತ್ತ್ ಇಲ್ಲ," ಎಂದರು. "ನಾಳೇದು ನಾಳೆ ಕೇಳಿ."

ಹಾಗೆ ಅದು ಅಭ್ಯಾಸವಾಯಿತು. ಬಂದ ಕೂಡಲೇ, "ಹೇಗೆ ಬೆಳಗಾಯ್ತು ಗೌಡರಣ್ಣ?" ಎನ್ನುವುದು. ಬಹಳ ದಿನ "ಪರವಾಗಿಲ್ಲ" ಎನ್ನುತ್ತಿದ್ದರು. ಕೆಲವು ದಿನ ತಲೆ ಮಾತ್ರ ಅಲ್ಲಾಡಿಸುತ್ತಿದ್ದರು. ಅಂಥ ದಿನ ನನ್ನ ಕೆಲಸ ಹಾಗೇ ಬಿಟ್ಟು ಅವರ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಳ್ಳುತ್ತಿದ್ದೆ. ಮಗಳ ಹೆಸರು ಹೇಳಿ ಅವರು ಅತ್ತದ್ದು ಅಂಥ ಒಂದು ದಿನ.

ಪ್ರಬಂಧ ಒಪ್ಪಿಸಿದೆ. ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಸ್ಟಾಪ್‌ವಾಚು, ಪರೀಕ್ಷೆಯ ಪೆಟ್ಟಿಗೆಗಳು, ಬೀರುವಿನ ಬೀಗದ ಕೈ, ಎಲ್ಲವನ್ನೂ ಹೊಸದಾಗಿ ಸೇರಿದ ತಮಿಳು ಹುಡುಗಿಗೆ ಪಟ್ಟಿ ಓದಿ ಒಪ್ಪಿಸಿ ರುಜು ಪಡೆದೆ. ಗಾಂಧಿಪುರದಿಂದ ಮೈಸೂರು ಬಸ್ಸಿಗೆ ಇನ್ನೊಂದೇ ಗಂಟೆ ಇತ್ತು. ಟ್ರಂಕು ಎತ್ತಿಕೊಂಡು ಬಾಗಿಲಿಗೆ ಬಂದೆ. ಗೌಡರಣ್ಣ ಎದ್ದು ನಿಂತರು.

"ಎಲ್ಲಾ ಒಪ್ಪಿಸಿದ್ರಾ ಅಮ್ಮಿಣಿ?"

"ಒಪ್ಪಿಸಿದೆ ಗೌಡರಣ್ಣ. ಒಂದೂ ಬಿಟ್ಟಿಲ್ಲ."

"ನನ್ನ ಯಾರಿಗ್ ಒಪ್ಪಿಸಿದ್ರಿ?" ಎಂದು ನಕ್ಕರು.

ತಮಾಷೆಗೆ ಹೇಳಿದ ಮಾತು. ಎರಡು ವರ್ಷದ ಹಿಂದಾಗಿದ್ದರೆ ನಾನೂ ನಕ್ಕು, ಎಂಥ ಮಾತು ಹೇಳಿದಿರಿ ಎಂದು ಬಸ್ಸು ಹತ್ತುತ್ತಿದ್ದೆ. ಟ್ರಂಕು ಕೆಳಗಿಟ್ಟೆ. ಹುಡುಗಿಯನ್ನು ಕೂಗಿ ಕರೆದು, ಇನ್ನೊಂದು ಸ್ಟೂಲು ತರಲು ಹೇಳಿದೆ.